ನಾಯಿಗಳಿಗಾಗಿ ಅಂಗಡಿ ಮುಚ್ಚಿದ ನಗರ ಮತ್ತು ಒಬ್ಬ ಸಾಹುಕಾರ

1832ರ ಜೂನ್ 7ರಂದು ಮುಂಬಯಿಯ ಪೇಟೆ ತೆರೆಯಲಿಲ್ಲ. ಪಾರ್ಸಿ, ಜೈನ, ಹಿಂದೂ, ಇಸ್ಮಾಯಿಲಿ ವರ್ತಕರು ಒಟ್ಟಾಗಿ ಅಂಗಡಿಗಳಿಗೆ ಬೀಗ ಹಾಕಿದ್ದರು. ಕೋಟೆಯ ದಂಡಿಗೆ ಹೋಗಬೇಕಿದ್ದ ಆಹಾರ ಸಾಮಗ್ರಿಯನ್ನು ಗುಂಪುಗಳು ದಾರಿಯಲ್ಲೇ ತಡೆದವು. ಗಲಭೆ ಕಾಯ್ದೆಯನ್ನು ಓದಿ ಹೇಳಿ, ಸೈನಿಕರನ್ನು ಕರೆಸಿ, ಸಿಕ್ಕವರನ್ನು ಬಂಧಿಸಿದ ಮೇಲೆ ನಗರ ಶಾಂತವಾಯಿತು. ಇಷ್ಟಕ್ಕೆಲ್ಲ ಕಾರಣವಾದದ್ದು ಹೊಸ ತೆರಿಗೆಯೂ ಅಲ್ಲ, ಧಾನ್ಯದ ಅಭಾವವೂ ಅಲ್ಲ. ಕಾರಣ ನಾಯಿ.

ಕಂಪನಿ ಸರ್ಕಾರದ ಪೊಲೀಸ್ ನಿಯಮವೊಂದು 1813ರಿಂದಲೇ ಜಾರಿಯಲ್ಲಿತ್ತು. ಬಿಸಿಲಿನ ತಿಂಗಳುಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಅದು ಅನುಮತಿ ನೀಡುತ್ತಿತ್ತು. 1832ರಲ್ಲಿ ಪೊಲೀಸ್ ಮ್ಯಾಜಿಸ್ಟ್ರೇಟರು ಈ ಅವಧಿಯನ್ನು ಜೂನ್ ಮಧ್ಯದವರೆಗೆ ವಿಸ್ತರಿಸಿದರು. ಕೊಂದ ಪ್ರತಿ ನಾಯಿಗೆ ಎಂಟಾಣೆ ಇನಾಮು. ಅಂದಿನ ಕೂಲಿಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ನಾಯಿ ಹಿಡಿಯುವವರು ಬೀದಿಯ ನಾಯಿಗಳಿಗೇ ತೃಪ್ತರಾಗದೆ, ಮನೆಗಳ ಆವರಣದೊಳಕ್ಕೆ ನುಗ್ಗಿ ಸಾಕಿದ ನಾಯಿಗಳನ್ನೂ ಎಳೆದೊಯ್ಯತೊಡಗಿದರು. ಜೂನ್ 6ರಂದು ಸುಮಾರು ಇನ್ನೂರು ಪಾರ್ಸಿಗಳ ಗುಂಪು ಕೋಟೆಯ ಬಳಿ ಇಬ್ಬರು ಐರೋಪ್ಯ ಕಾನ್‌ಸ್ಟೇಬಲ್‌ಗಳ ಮೇಲೆ ಬಿತ್ತು. ಮರುದಿನ ಹರತಾಳ.

ಅರ್ಥಶಾಸ್ತ್ರ ಓದಿದವನಿಗೆ ಈ ಎಂಟಾಣೆಯ ಕಥೆ ಹೊಸದೇನಲ್ಲ. ತಲೆಗಿಷ್ಟು ಎಂದು ಹಣ ಕಟ್ಟಿದ ಕೂಡಲೇ ಯಾವುದು ಹುಚ್ಚುನಾಯಿ, ಯಾವುದು ಯಾರ ಮನೆಯ ಬೂದುಬಣ್ಣದ ಮುದಿನಾಯಿ ಎಂಬ ವಿವೇಚನೆ ಹೊರಟುಹೋಗುತ್ತದೆ. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಕಟ್ಟಿಹಾಕಿದ ಸಾಧುಪ್ರಾಣಿಯೇ. ನನ್ನ ಸೇವೆಯ ಆರಂಭದ ದಿನಗಳಲ್ಲಿ ಪುರಸಭೆಯೊಂದು ಬಾಲದ ಲೆಕ್ಕದಲ್ಲಿ ಗುತ್ತಿಗೆದಾರನಿಗೆ ಹಣ ನೀಡುತ್ತಿತ್ತು. ಬಾಲಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರಿತು, ಊರಿನ ನಾಯಿಗಳು ಮಾತ್ರ ಇದ್ದಷ್ಟೇ ಇದ್ದವು. ವಿಚಾರಿಸಿದಾಗ, ಬಾಲಗಳು ಪಕ್ಕದ ತಾಲ್ಲೂಕಿನಿಂದ ಬರುತ್ತಿವೆಯೆಂದು ತಿಳಿಯಿತು.

ಪಾರ್ಸಿಗಳ ಆಕ್ರೋಶಕ್ಕೆ ಇನ್ನೂ ಆಳವಾದ ಬೇರಿತ್ತು. ಜರತುಷ್ಟ್ರನ ಮತದಲ್ಲಿ ನಾಯಿ ಪೂಜ್ಯ ಪ್ರಾಣಿ. ಅವರ ಧರ್ಮಗ್ರಂಥವಾದ ವೆಂಡಿಡಾಡ್ ನಾಯಿಯ ಪಾಲನೆಗೂ ಅದನ್ನು ಹಿಂಸಿಸಿದವರಿಗೆ ವಿಧಿಸಬೇಕಾದ ಶಿಕ್ಷೆಗೂ ಅಧ್ಯಾಯವನ್ನೇ ಮೀಸಲಿಟ್ಟಿದೆ. ಸತ್ತವರ ದೇಹವನ್ನು ಮೌನಗೋಪುರಕ್ಕೆ ಒಯ್ಯುವ ಮುನ್ನ ನಾಯಿಯೊಂದು ಅದನ್ನು ನೋಡಬೇಕೆಂಬ ಸಗ್‌ದೀದ್ ವಿಧಿಯೂ ಅವರಲ್ಲಿದೆ. ಜೀವಹಿಂಸೆಯನ್ನೊಪ್ಪದ ಜೈನರೂ ವೈಷ್ಣವರೂ ಅವರೊಡನೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಸರ್ಕಾರದ ಪರವಾಗಿ ಹೇಳಬೇಕಾದ ಮಾತೂ ಇದೆ. ಹುಚ್ಚುನಾಯಿ ಕಚ್ಚಿದವನಿಗೆ ಅಂದು ಮದ್ದಿರಲಿಲ್ಲ. ಲೂಯಿ ಪಾಶ್ಚರ್ ಮೊದಲ ಬಾರಿಗೆ ಬಾಲಕನೊಬ್ಬನಿಗೆ ಲಸಿಕೆ ನೀಡಿ ಉಳಿಸಿದ್ದು 1885ರಲ್ಲಿ, ಅಂದರೆ ಐವತ್ತಮೂರು ವರ್ಷಗಳ ಬಳಿಕ. ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರು ಆ ಮುಂಬಯಿಯಲ್ಲೂ ಇದ್ದಿರಲೇಬೇಕು. ಅಂಥವರು ಹರತಾಳ ಹೂಡುವುದಿಲ್ಲವಾದ್ದರಿಂದ ಇತಿಹಾಸದಲ್ಲಿ ಅವರ ಸದ್ದು ಕೇಳಿಸುವುದಿಲ್ಲ.

ಈ ಇಕ್ಕಟ್ಟಿನ ನಡುವೆ ನಿಂತವರಲ್ಲಿ ಜಮ್‌ಸೆಟ್‌ಜಿ ಜೀಜೀಭಾಯ್ ಒಬ್ಬರು. ಮುಂಬಯಿಯ ಜೆ.ಜೆ. ಆಸ್ಪತ್ರೆ, ಜೆ.ಜೆ. ಕಲಾಶಾಲೆ ಎಂಬ ಹೆಸರುಗಳಲ್ಲಿರುವ ಎರಡು ಅಕ್ಷರಗಳು ಅವರವು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕಾರಣರಾದ ಜಮ್‌ಶೆಡ್‌ಜಿ ಟಾಟಾ ಬೇರೆ. ಅವರು ಹುಟ್ಟಿದ್ದು 1839ರಲ್ಲಿ. ಆ ಹೊತ್ತಿಗೆ ಜೀಜೀಭಾಯ್ ಐವತ್ತು ದಾಟಿ, ನಗರದ ಅತಿ ಶ್ರೀಮಂತರಲ್ಲೊಬ್ಬರಾಗಿದ್ದರು.

ಅವರ ಜನನ 1783ರ ಜುಲೈ 15ರಂದು. ಗುಜರಾತಿನ ನವಸಾರಿ ಮೂಲದ ಸಾಧಾರಣ ಕುಟುಂಬ. ಹದಿನಾರರ ವಯಸ್ಸಿಗೆ ತಾಯಿತಂದೆ ಇಬ್ಬರನ್ನೂ ಕಳೆದುಕೊಂಡು ಮುಂಬಯಿಯಲ್ಲಿ ಸೋದರಮಾವನ ಆಶ್ರಯ ಪಡೆದರು. ಮಾವನದು ಹಳೆಯ ಬಾಟಲಿಗಳನ್ನು ಕೊಂಡು ಮಾರುವ ವ್ಯಾಪಾರ. ಮನೆತನಕ್ಕೆ ಬಾಟಲಿವಾಲಾ ಎಂಬ ಹೆಸರೇ ಅಂಟಿತ್ತು. ಹುಡುಗನ ಶಾಲಾ ಶಿಕ್ಷಣ ಹೇಳಿಕೊಳ್ಳುವಂಥದ್ದಲ್ಲ. ಲೆಕ್ಕ ಬರುತ್ತಿತ್ತು, ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿತರು. ಮಾವನ ಮಗಳು ಆವಾಬಾಯಿಯನ್ನು 1803ರಲ್ಲಿ ಮದುವೆಯಾದರು.

ಚೀನಾಕ್ಕೆ ಅವರು ಕೈಗೊಂಡ ಸಮುದ್ರಯಾನಗಳು ಒಟ್ಟು ಐದು. 1805ರಲ್ಲಿ ಅವರಿದ್ದ ಬ್ರನ್ಸ್‌ವಿಕ್ ಹಡಗನ್ನು ಫ್ರೆಂಚರು ಸೆರೆಹಿಡಿದು ಆಫ್ರಿಕಾದ ತುದಿಗೆ ಒಯ್ದರು. ಸರಕೆಲ್ಲ ಹೋಯಿತು. ಆದರೆ ಅದೇ ಹಡಗಿನ ವೈದ್ಯ ವಿಲಿಯಂ ಜಾರ್ಡೀನ್ ಎಂಬ ಸ್ಕಾಟ್ ತರುಣನ ಪರಿಚಯವಾಯಿತು. ಮುಂದೆ ಜಾರ್ಡೀನ್ ವೈದ್ಯವೃತ್ತಿ ಬಿಟ್ಟು ವ್ಯಾಪಾರಕ್ಕಿಳಿದರು. ನಾಯಿಗಲಭೆಯ ಅದೇ 1832ರಲ್ಲಿ ಕ್ಯಾಂಟನ್ನಿನಲ್ಲಿ ಜಾರ್ಡೀನ್ ಮ್ಯಾಥೆಸನ್ ಕಂಪನಿ ಹುಟ್ಟಿತು. ಮುಂಬಯಿಯಿಂದ ಅದಕ್ಕೆ ಸರಕು ಕಳುಹಿಸುತ್ತಿದ್ದವರಲ್ಲಿ ಜೀಜೀಭಾಯ್ ಅಗ್ರಗಣ್ಯರು. ಜೈನರಾದ ಮೋತಿಚಂದ್ ಅಮೀಚಂದ್, ಕೊಂಕಣಿ ಮುಸಲ್ಮಾನರಾದ ಮಹಮ್ಮದ್ ಅಲಿ ರೋಗೆ, ಗೋವಾ ಮೂಲದ ಕ್ರೈಸ್ತ ವರ್ತಕರೊಬ್ಬರು, ಇವರೆಲ್ಲ ಅವರ ವಹಿವಾಟಿನ ಪಾಲುದಾರರು.

ಆ ಸರಕು ಯಾವುದೆಂಬುದನ್ನು ಮರೆಮಾಚಬೇಕಿಲ್ಲ. ಹತ್ತಿ ಮತ್ತು ಅಫೀಮು. ಮಾಳವದಲ್ಲಿ ಬೆಳೆದ ಅಫೀಮು ಮುಂಬಯಿಯ ಬಂದರಿನಿಂದ ಹೊರಟು ಚೀನಾದ ಕರಾವಳಿಯನ್ನು ಕಳ್ಳದಾರಿಯಲ್ಲಿ ಸೇರುತ್ತಿತ್ತು. ಆ ದೇಶ ಅದನ್ನು ನಿಷೇಧಿಸಿತ್ತು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಕ್ಸು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ನಾಶಮಾಡಿದಾಗ ಮುಂಬಯಿಯ ವರ್ತಕರೂ ನಷ್ಟ ಅನುಭವಿಸಿದರು, ಪರಿಹಾರಕ್ಕಾಗಿ ಬ್ರಿಟಿಷ್ ಸರ್ಕಾರದ ಬಾಗಿಲು ತಟ್ಟಿದರು. ಊರಿನ ನಾಯಿಗಳ ಬಗ್ಗೆ ಮರುಗಿದ ಹೃದಯ ದೂರದ ದೇಶದ ಅಫೀಮುಗಾರನ ಬಗ್ಗೆ ಮರುಗಿದ್ದಕ್ಕೆ ದಾಖಲೆಯಿಲ್ಲ. ಅವರ ದಾನಗಳ ಪಟ್ಟಿ ಮಾಡುವವರು ಸಾಮಾನ್ಯವಾಗಿ ಈ ಪುಟವನ್ನು ಬೇಗ ಮಗುಚಿಬಿಡುತ್ತಾರೆ. ನಾನು ಹಾಗೆ ಮಾಡಲಾರೆ. ಹಾಗೆಂದು ಆ ದಾನಗಳೆಲ್ಲ ಪಾಪ ತೊಳೆಯುವ ತಂತ್ರವೆಂದು ತಳ್ಳಿಹಾಕುವುದೂ ನನಗೆ ಒಪ್ಪಿಗೆಯಲ್ಲ. ಏಕೆಂದರೆ ಆ ದಾನಗಳಲ್ಲಿ ಒಂದು ವಿಶಿಷ್ಟ ಕ್ರಮವಿದೆ. ಅದು 1832ರ ನಂತರ ಕಣ್ಣಿಗೆ ಬೀಳತೊಡಗುತ್ತದೆ.

ಗಲಭೆ ಅಡಗಿದ ಮೇಲೆ ಬಂಧಿತರ ವಿಚಾರಣೆ ನಡೆದು ಕೆಲವರಿಗೆ ಶಿಕ್ಷೆಯಾಯಿತು. ಪಾರ್ಸಿ ಸಮುದಾಯದ ಹಿರಿಯರ ಸ್ಥಿತಿ ನಾಜೂಕಾಗಿತ್ತು. ಅವರ ಸಂಪತ್ತು ನಿಂತಿದ್ದುದೇ ಕಂಪನಿ ಸರ್ಕಾರದೊಡನೆ ಇದ್ದ ಸೌಹಾರ್ದದ ಮೇಲೆ. ಕಲ್ಲೆಸೆದವರನ್ನು ಅವರು ಸಮರ್ಥಿಸುವಂತಿರಲಿಲ್ಲ, ಹಾಗೆಂದು ಕೈಬಿಡುವಂತೆಯೂ ಇರಲಿಲ್ಲ. ಜೀಜೀಭಾಯ್ ಮೊದಲಾದ ಗಣ್ಯರು ಗಲಭೆಗೆ ವಿಷಾದ ಸೂಚಿಸಿ, ತಪ್ಪಿತಸ್ಥರ ಬಗ್ಗೆ ದಯೆ ತೋರಬೇಕೆಂದು ಸರ್ಕಾರವನ್ನು ಬೇಡಿಕೊಂಡರು. ಕೊಲ್ಲುವುದರ ಬದಲು ನಾಯಿಗಳನ್ನು ನಗರದಿಂದ ಹೊರಗೆ ಸಾಗಿಸಬೇಕೆಂಬ ಏರ್ಪಾಡಿಗೆ ಸರ್ಕಾರವೂ ಬಂದಿತು.

ಸಾಗಿಸುವುದೇನೋ ಸರಿ, ಎಲ್ಲಿಗೆ? ಯಾರ ಖರ್ಚಿನಲ್ಲಿ? ಆಡಳಿತದಲ್ಲಿ ಕೆಲಸ ಮಾಡಿದವರಿಗೆ ಈ ಘಟ್ಟ ಚೆನ್ನಾಗಿ ಗೊತ್ತು. ಎರಡು ಪಕ್ಷಗಳೂ ತೃಪ್ತರಾಗಿ ಎದ್ದುಹೋದ ಬಳಿಕ ಕಡತ ಉಳಿದುಬಿಡುತ್ತದೆ. ಅನುದಾನದ ಕಾಲಂ ಖಾಲಿಯಿರುತ್ತದೆ. ಮುಂದಿನ ಬೇಸಿಗೆಗೆ ಹಳೆಯ ಗಲಾಟೆ ಹೊಸದಾಗಿ ಶುರುವಾಗುತ್ತದೆ.

ಆ ಖಾಲಿ ಕಾಲಂ ತುಂಬಿದ್ದು ಜೀಜೀಭಾಯ್ ಮತ್ತು ಅವರ ಜೈನ ಪಾಲುದಾರ ಮೋತಿಚಂದ್. 1834ರ ಅಕ್ಟೋಬರ್ 18ರಂದು ಇವರಿಬ್ಬರ ನೇತೃತ್ವದಲ್ಲಿ ಮುಂಬಯಿಯ ಪಿಂಜರಾಪೋಲ್ ಸ್ಥಾಪನೆಯಾಯಿತು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲನ್ನು ಬಲ್ಲ ಓದುಗರಿಗೆ ಈ ಪದ ಅಪರಿಚಿತವಲ್ಲ. ಗುಜರಾತಿನಲ್ಲಿ ಇಂಥ ಪ್ರಾಣಿಶಾಲೆಗಳ ಪರಂಪರೆ ಹಿಂದಿನಿಂದಲೂ ಇತ್ತು. ವರ್ತಕರು ತಮ್ಮ ಸರಕಿನ ಮೇಲೆ ಲಾಗಾ ಎಂಬ ಸ್ವಯಂವಿಧಿತ ವಂತಿಗೆ ತೆತ್ತು ಅವುಗಳನ್ನು ನಡೆಸುತ್ತಿದ್ದರು. ಮುಂಬಯಿಯಲ್ಲಿ ಅದೇ ಪರಂಪರೆ ಪೊಲೀಸ್ ನಿಯಮವೊಂದಕ್ಕೆ ಉತ್ತರವಾಗಿ ಬಂದು ನಿಂತಿತು. ನಾಯಿಗಳನ್ನು ಕೊಲ್ಲಬೇಡಿ ಎಂದವರೇ ಅವುಗಳ ಊಟದ ಹೊಣೆ ಹೊತ್ತರು. ಅದೇ 1834ರಲ್ಲಿ ಸರ್ಕಾರ ಜೀಜೀಭಾಯ್ ಸೇರಿದಂತೆ ಕೆಲವು ಭಾರತೀಯರನ್ನು ಮೊದಲ ಬಾರಿಗೆ ಜಸ್ಟಿಸ್ ಆಫ್ ದಿ ಪೀಸ್ ಆಗಿ ನೇಮಿಸಿತು. ಎರಡು ವರ್ಷದ ಹಿಂದೆ ಕ್ಷಮೆ ಬೇಡಿದವರಿಗೆ ನಗರದ ಆಡಳಿತದಲ್ಲಿ ಸ್ಥಾನ ದೊರೆಯಿತು.

1838ರಲ್ಲಿ ಸರ್ಕಾರ ದನಕರು ಮೇಯಿಸುವುದಕ್ಕೆ ಶುಲ್ಕ ವಿಧಿಸಿತು. ಒಂದೆರಡು ಹಸು ಕಟ್ಟಿಕೊಂಡು ಹಾಲು ಮಾರುವವನಿಗೆ ಅದು ಭಾರವಾಯಿತು. ಜೀಜೀಭಾಯ್ ಅರ್ಜಿ ಬರೆಯುತ್ತ ಕೂರಲಿಲ್ಲ. ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು ಠಾಕೂರ್‌ದ್ವಾರದ ಬಳಿ ಕಡಲಂಚಿನ ಹುಲ್ಲುಗಾವಲನ್ನೇ ಕೊಂಡು, ಅಲ್ಲಿ ಯಾರ ದನವಾದರೂ ಶುಲ್ಕವಿಲ್ಲದೆ ಮೇಯಬಹುದೆಂದರು. ಚರಣಿ ಎಂದರೆ ಮೇವು ಮೇಯುವುದು. ಇಂದಿನ ಚರ್ನಿ ರೋಡ್ ನಿಲ್ದಾಣದ ಹೆಸರಿನ ಮೂಲ ಇದೇ ಎಂಬ ಪ್ರತೀತಿಯಿದೆ. ಮುಂದೆ ಮಾಹಿಮ್ ಖಾಡಿಗೆ ಸರ್ಕಾರ ಸೇತುವೆ ಕಟ್ಟಲು ಮನಸ್ಸು ಮಾಡದಿದ್ದಾಗ ಆವಾಬಾಯಿಯವರು 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ವಸೂಲಿ ಮಾಡಕೂಡದೆಂಬುದು ಅವರ ಷರತ್ತು. 1845ರಲ್ಲಿ ಅದು ಸಂಚಾರಕ್ಕೆ ತೆರೆಯಿತು.

1842ರಲ್ಲಿ ನೈಟ್, 1857ರಲ್ಲಿ ಬ್ಯಾರನೆಟ್. ಎರಡೂ ಗೌರವ ಪಡೆದ ಮೊದಲ ಭಾರತೀಯ ಅವರೇ. 1859ರ ಏಪ್ರಿಲ್ 14ರಂದು ತೀರಿಕೊಂಡರು.

ಈ ಹಳೆಯ ಕಥೆ ನೆನಪಾದದ್ದಕ್ಕೆ ಕಾರಣವಿದೆ. 2018ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಾಕುನಾಯಿಗಳ ಪರವಾನಗಿಗೆ ಹೊಸ ಉಪವಿಧಿಗಳನ್ನು ತಂದಿತು. ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು. ಶ್ವಾನಪ್ರಿಯರು ಸಿಡಿದೆದ್ದರು, ಪಾಲಿಕೆ ಹಿಂದೆ ಸರಿಯಿತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಲು ಆದೇಶಿಸಿತು. ಪ್ರತಿಭಟನೆಗಳು ನಡೆದವು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬಿಸ್ ಇರುವ ಮತ್ತು ಆಕ್ರಮಣಕಾರಿಯಾದ ನಾಯಿಗಳ ಹೊರತು ಉಳಿದವನ್ನು ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲಿಗೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸೇರಿಸಬೇಕೆಂಬ ಆದೇಶವೂ ಬಂತು.

ಎರಡೂ ಕಡೆಯ ವಾದಗಳನ್ನು ಕೇಳುತ್ತಿದ್ದಾಗ ನನಗೆ ಕಾಣೆಯಾದದ್ದು 1834ರ ಆ ಎರಡನೆಯ ಹೆಜ್ಜೆ. ನಿಯಮ ಮಾಡುವವರು ಆಶ್ರಯತಾಣ ಎಂಬ ಪದ ಬಳಸುವಷ್ಟು ಸಲೀಸಾಗಿ ಅದರ ಜಾಗ, ನೀರು, ವೈದ್ಯರು, ದಿನದ ಅನ್ನದ ಲೆಕ್ಕ ಕೊಡುತ್ತಿಲ್ಲ. ವಿರೋಧಿಸುವವರಲ್ಲಿ ಮನೆಯ ನಾಯಿಗೆ ಸಾವಿರಾರು ರೂಪಾಯಿ ಸುರಿಯುವ ಸ್ಥಿತಿವಂತರಿದ್ದಾರೆ; ಬಡಾವಣೆಯ ನಾಯಿಗಳ ಶಸ್ತ್ರಚಿಕಿತ್ಸೆಗೆ ವಂತಿಗೆ ಎತ್ತೋಣವೆಂದರೆ ಸಭೆ ಮುಂದಕ್ಕೆ ಹೋಗುತ್ತದೆ. ನಮ್ಮ ಬಡಾವಣೆಯಲ್ಲೇ ಮೂರು ಬಾರಿ ಹೋಗಿದೆ. ಕಡಿತಕ್ಕೊಳಗಾಗುವವರು ಬಹುಪಾಲು ಬರಿಗಾಲಲ್ಲಿ ನಡೆಯುವ ಮಕ್ಕಳು, ಬೆಳಗಿನ ಜಾವ ಕೆಲಸಕ್ಕೆ ಹೊರಡುವ ಪೌರಕಾರ್ಮಿಕರು. ಅವರು ಇಂದಿಗೂ ಹರತಾಳ ಹೂಡುವುದಿಲ್ಲ.

ಹಲವು ವರ್ಷಗಳ ಹಿಂದೆ ಕಚೇರಿ ಕೆಲಸದ ಮೇಲೆ ಮುಂಬೈಗೆ ಹೋದಾಗ ಬಿಡುವು ಮಾಡಿಕೊಂಡು ಭುಲೇಶ್ವರದ ಪಿಂಜರಾಪೋಲ್ ನೋಡಿ ಬಂದೆ. ಪೇಟೆಯ ಗದ್ದಲದ ನಡುವೆ ಒಂದು ಹೆಬ್ಬಾಗಿಲು, ಒಳಗೆ ವಿಶಾಲವಾದ ಅಂಗಳ. ಅಲ್ಲಿದ್ದವು ಹೆಚ್ಚಾಗಿ ಹಸುಗಳು, ಪಾರಿವಾಳಗಳು. ಹುಲ್ಲಿನ ಕಟ್ಟು ಕೊಂಡು ಹಸುವಿನ ಬಾಯಿಗೆ ಹಿಡಿಯುತ್ತಿದ್ದ ಮಂದಿಯಲ್ಲಿ ಒಬ್ಬ ವೃದ್ಧರನ್ನು ಈ ಜಾಗ ಮೊದಲು ಯಾರಿಗಾಗಿ ಆರಂಭವಾಯಿತೆಂದು ಬಲ್ಲಿರಾ ಎಂದು ಕೇಳಿದೆ. ಗೋಮಾತೆಗಾಗಿ ಎಂದು ಅವರು ಸಂಶಯವೇ ಇಲ್ಲದೆ ಹೇಳಿದರು. ಹೆಬ್ಬಾಗಿಲ ಹೊರಗೆ, ಕಟ್ಟೆಯ ನೆರಳಿನಲ್ಲಿ, ಎರಡು ಬೀದಿನಾಯಿಗಳು ಮಲಗಿದ್ದವು.