ದಾಸ್ತೋವ್‌ಸ್ಕಿ: ಮೂರ್ಛೆರೋಗದ ಜೊತೆ ಮೂವತ್ತು ವರ್ಷ

ಕನ್ನಡದಲ್ಲೂ ಮಲಯಾಳದಲ್ಲೂ ಈ ಕಾಯಿಲೆಗೆ ಅಪಸ್ಮಾರ ಎಂಬ ಒಂದೇ ಹೆಸರು. ಅದನ್ನು ಮುಚ್ಚಿಡುವ ಅಭ್ಯಾಸವೂ ಎರಡು ಭಾಷೆಯ ಮನೆಗಳಲ್ಲಿ ಒಂದೇ. ಹುಡುಗನಿಗೆ ಫಿಟ್ಸ್ ಬರುತ್ತದೆ ಎಂದು ನೆಂಟರಿಗೆ ಹೇಳುವುದಿಲ್ಲ, ಹುಡುಗಿಗೆ ಬರುತ್ತದೆ ಎಂದರೆ ಪಕ್ಕದ ಮನೆಗೂ ಹೇಳುವುದಿಲ್ಲ. ಆದರೆ ಜಗತ್ತಿನ ಬಹುದೊಡ್ಡ ಕಾದಂಬರಿಕಾರರಲ್ಲಿ ಒಬ್ಬನಾದ ರಷ್ಯಾದ ಫ್ಯೋದರ್ ದಾಸ್ತೋವ್‌ಸ್ಕಿ ಇದೇ ಕಾಯಿಲೆಯ ಜೊತೆ ಸುಮಾರು ಮೂವತ್ತು ವರ್ಷ ಬದುಕಿದ. ಕಾಯಿಲೆ ದೇಹಕ್ಕೆ ಕೊಡುವ ನೋವಿಗಿಂತ ಮನಸ್ಸಿಗೆ ಕೊಡುವ ನೋವು ಎಂಥದ್ದು ಎಂಬುದಕ್ಕೆ ಆತನ ಬದುಕೇ ಸಾಕ್ಷಿ.

ದಾಸ್ತೋವ್‌ಸ್ಕಿ ಹುಟ್ಟಿದ್ದು 1821ರ ನವೆಂಬರ್ 11ರಂದು, ಮಾಸ್ಕೋದಲ್ಲಿ. ತಂದೆ ಬಡವರ ಆಸ್ಪತ್ರೆಯೊಂದರಲ್ಲಿ ವೈದ್ಯ. 1837ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಎರಡು ವರ್ಷದ ನಂತರ ತಂದೆಯೂ ಇಲ್ಲವಾದ. ಹುಡುಗ ಆಗ ಪೀಟರ್ಸ್‌ಬರ್ಗ್‌ನ ಮಿಲಿಟರಿ ಎಂಜಿನಿಯರಿಂಗ್ ಶಾಲೆಯಲ್ಲಿ ಓದುತ್ತಿದ್ದ. ಓದು ಮುಗಿಸಿ ಕೆಲಸಕ್ಕೆ ಸೇರಿದರೂ ಮನಸ್ಸು ನಿಲ್ಲಲಿಲ್ಲ. ನೌಕರಿ ಬಿಟ್ಟು ಬರೆಯಲು ಕುಳಿತ. 1846ರಲ್ಲಿ ಬಂದ 'ಬಡ ಜನರು' ಎಂಬ ಮೊದಲ ಕಾದಂಬರಿ ಇಪ್ಪತ್ತನಾಲ್ಕರ ಯುವಕನಿಗೆ ಹೆಸರು ತಂದಿತು.

ಆ ದಿನಗಳಲ್ಲೇ ಆತನಿಗೆ ತಲೆಸುತ್ತು, ವಿಚಿತ್ರ ಭಯ, ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು ಶುರುವಾಗಿತ್ತು. ನಿದ್ದೆಯಲ್ಲಿ ತಾನು ಸತ್ತಂತೆ ಕಂಡು ಜನ ಜೀವಂತ ಹೂಳಿಬಿಟ್ಟಾರು ಎಂಬ ಹೆದರಿಕೆ ಕಾಡುತ್ತಿತ್ತು. ಕೆಲವು ದಿನ ಕಾಯದೆ ತನ್ನನ್ನು ಹೂಳಬೇಡಿ ಎಂದು ಚೀಟಿ ಬರೆದಿಟ್ಟು ಮಲಗುತ್ತಿದ್ದನಂತೆ. ಆಗ ಯಾರೂ ಇದನ್ನು ಮೂರ್ಛೆರೋಗ ಎಂದು ಖಚಿತವಾಗಿ ಹೇಳಲಿಲ್ಲ.

1849ರ ಏಪ್ರಿಲ್‌ನಲ್ಲಿ, ಸರ್ಕಾರ ನಿಷೇಧಿಸಿದ್ದ ಬರಹವನ್ನು ಗೆಳೆಯರ ಕೂಟದಲ್ಲಿ ಓದಿದ ಆರೋಪದ ಮೇಲೆ ಆತನ ಬಂಧನವಾಯಿತು. ಆಗಿನ ರಷ್ಯಾದ ಪಂಚಾಂಗದ ಪ್ರಕಾರ ಡಿಸೆಂಬರ್ 22ರಂದು ಕೈದಿಗಳನ್ನು ಮೈದಾನಕ್ಕೆ ತಂದು ಮರಣದಂಡನೆಯ ಆಜ್ಞೆ ಓದಿದರು. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿ ಬಂದೂಕು ಗುರಿ ಇಟ್ಟಾಯಿತು. ದಾಸ್ತೋವ್‌ಸ್ಕಿ ಮುಂದಿನ ಸಾಲಿನಲ್ಲಿದ್ದ. ಕೊನೆಯ ಗಳಿಗೆಯಲ್ಲಿ ಚಕ್ರವರ್ತಿಯ ಕ್ಷಮೆಯ ಆಜ್ಞೆ ಬಂತು. ಎಲ್ಲವೂ ಮೊದಲೇ ಗೊತ್ತುಮಾಡಿದ್ದ ನಾಟಕ. ಆತನಿಗೆ ಸಿಕ್ಕಿದ್ದು ಸೈಬೀರಿಯಾದ ಓಮ್ಸ್ಕ್‌ನಲ್ಲಿ ನಾಲ್ಕು ವರ್ಷದ ಕಠಿಣ ಶಿಕ್ಷೆ, ಆಮೇಲೆ ಸಾಮಾನ್ಯ ಸಿಪಾಯಿಯ ಕೆಲಸ.

ಕಾಲಿಗೆ ಬೇಡಿ ತೊಟ್ಟ ಆ ವರ್ಷಗಳಲ್ಲಿ ರೋಗ ಸ್ಪಷ್ಟವಾಗಿ ಕಾಣಿಸಿಕೊಂಡಿತು. 1857ರ ವೈದ್ಯಕೀಯ ವರದಿಯೊಂದು ಮೊದಲ ದೊಡ್ಡ ಮೂರ್ಛೆ 1850ರಲ್ಲಿ ಬಂದದ್ದೆಂದು ದಾಖಲಿಸಿದೆ. ಕೂಗು, ಎಚ್ಚರ ತಪ್ಪುವುದು, ಕೈಕಾಲು ಸೆಳೆತ, ಬಾಯಲ್ಲಿ ನೊರೆ ಎಲ್ಲವೂ ಇದ್ದವು. ಆದರೂ ಇದು ಬರೀ ನರಗಳ ದೌರ್ಬಲ್ಯ, ಬದುಕು ಬದಲಾದರೆ ಹೋದೀತು ಎಂದು ವೈದ್ಯರು ಸಮಾಧಾನ ಹೇಳುತ್ತಿದ್ದರು. ಆತನೂ ಅದನ್ನೇ ನಂಬಲು ಬಯಸಿದ.

1857ರ ಫೆಬ್ರವರಿಯಲ್ಲಿ ಮರಿಯಾ ಎಂಬ ವಿಧವೆಯನ್ನು ಪ್ರೀತಿಸಿ ಮದುವೆಯಾದ. ಹೆಂಡತಿಯನ್ನು ಕರೆದುಕೊಂಡು ಹಿಂದಿರುಗುವ ದಾರಿಯಲ್ಲಿ, ಬರ್ನಾವುಲ್ ಎಂಬ ಊರಿನಲ್ಲಿ ಭಾರೀ ಮೂರ್ಛೆ ಬಂತು. ಮದುಮಗಳು ಕಂಗಾಲಾದಳು. ಅಲ್ಲಿನ ವೈದ್ಯ ಮಾತು ಮರೆಸದೆ, ಇದು ನಿಜವಾದ ಅಪಸ್ಮಾರ, ಇಂಥ ಒಂದು ಮೂರ್ಛೆಯಲ್ಲಿ ಉಸಿರು ಕಟ್ಟಿ ಸಾವು ಬರಬಹುದು ಎಂದ. ಮೊದಲೇ ಖಚಿತವಾಗಿ ತಿಳಿದಿದ್ದರೆ ತಾನು ಮದುವೆಯೇ ಆಗುತ್ತಿರಲಿಲ್ಲ ಎಂದು ದಾಸ್ತೋವ್‌ಸ್ಕಿ ಅಣ್ಣನಿಗೆ ಪತ್ರ ಬರೆದ. ಆ ಸಂಸಾರದಲ್ಲಿ ಸುಖ ಮೂಡಲಿಲ್ಲ. ಮರಿಯಾ ಕ್ಷಯರೋಗದಿಂದ 1864ರಲ್ಲಿ ತೀರಿಕೊಂಡಳು. ಅದೇ ವರ್ಷ ಅಣ್ಣನೂ ಸತ್ತ. ಸಾಲದ ಹೊರೆ ಹೆಗಲಿಗೆ ಬಿತ್ತು.

ಒಂದು ವಿಚಿತ್ರವೆಂದರೆ, ಆತ ಅಷ್ಟು ಹೆದರುತ್ತಿದ್ದ ಕಾಯಿಲೆಯೇ ಆತನನ್ನು ಸೈಬೀರಿಯಾದಿಂದ ಬಿಡಿಸಿತು. ಕಾಯಿಲೆಯ ಕಾರಣ ಕೊಟ್ಟು ಸೈನ್ಯದಿಂದ ಬಿಡುಗಡೆ ಬೇಡಿದ. 1859ರಲ್ಲಿ ಅದು ಸಿಕ್ಕಿತು. ಚಿಕಿತ್ಸೆಗಾಗಿ ರಾಜಧಾನಿಯಲ್ಲಿರಲು ಬಿಡಬೇಕೆಂದು ಚಕ್ರವರ್ತಿಗೆ ಮನವಿ ಸಲ್ಲಿಸಿ, ಅದೇ ವರ್ಷದ ಕೊನೆಗೆ ಪೀಟರ್ಸ್‌ಬರ್ಗ್ ಸೇರಿದ.

1866ರಲ್ಲಿ ಪ್ರಕಾಶಕನೊಬ್ಬನಿಗೆ ಗಡುವಿನೊಳಗೆ ಕಾದಂಬರಿ ಒಪ್ಪಿಸಬೇಕಾಗಿ ಬಂತು. ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳಲು ಅನ್ನಾ ಸ್ನಿಟ್ಕಿನಾ ಎಂಬ ಇಪ್ಪತ್ತರ ಹುಡುಗಿ ಬಂದಳು. 26 ದಿನಗಳಲ್ಲಿ 'ಜೂಜುಕೋರ' ಕಾದಂಬರಿ ಮುಗಿಯಿತು. ಮೊದಲ ದಿನವೇ ಆತ ತನಗೆ ಮೂರ್ಛೆರೋಗವಿದೆ ಎಂದು ಅವಳಿಗೆ ಹೇಳಿಬಿಟ್ಟಿದ್ದ. ಆತನ ಬದುಕು ತಿರುಗಿದ್ದು ಇಲ್ಲಿ. ಮೊದಲ ಮದುವೆಯಲ್ಲಿ ಗೊತ್ತಿಲ್ಲದೆ ಉಳಿದದ್ದು ಎರಡನೆಯದರಲ್ಲಿ ಮೊದಲ ಮಾತಾಗಿಯೇ ಬಂತು.

1867ರ ಫೆಬ್ರವರಿಯಲ್ಲಿ ಇಬ್ಬರ ಮದುವೆಯಾಯಿತು. ಕೆಲವೇ ದಿನಗಳಲ್ಲಿ ಅನ್ನಾಳ ಅಕ್ಕನ ಮನೆಯ ಔತಣದಲ್ಲಿ ನಗುನಗುತ್ತ ಮಾತಾಡುತ್ತಿದ್ದವನು ಬಿಳಿಚಿಕೊಂಡು, ಕೂಗಿ, ವಾಲಿದ. ಅಕ್ಕ ಚೀರಿ ಹೊರಗೆ ಓಡಿದಳು. ಅನ್ನಾ ಓಡಲಿಲ್ಲ. ಆತನನ್ನು ಹಿಡಿದುಕೊಂಡು, ದೀಪವಿದ್ದ ಮೇಜನ್ನು ಪಕ್ಕಕ್ಕೆ ತಳ್ಳಿ, ನೆಲಕ್ಕೆ ಇಳಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಸುಮಾರು ಒಂದು ಗಂಟೆಯಲ್ಲಿ ಇನ್ನೊಂದು ಮೂರ್ಛೆ ಬಂತು. ಆಗಲೂ ಅವಳು ಅಲ್ಲೇ ಇದ್ದಳು.

ಮೂರ್ಛೆ ಕೆಲವು ನಿಮಿಷದ್ದು. ಅದರ ನೆರಳು ದಿನಗಟ್ಟಲೆ ಇರುತ್ತಿತ್ತು. ಹತ್ತಿರದವರನ್ನು ಮಣ್ಣು ಮಾಡಿ ಬಂದವನಂತೆ ಆತ ಮಂಕಾಗಿ ಕೂರುತ್ತಿದ್ದ. ಏನೋ ದೊಡ್ಡ ತಪ್ಪು ಮಾಡಿದಂಥ ಕೊರಗು, ಯಾವ ತಪ್ಪು ಎಂದು ಮಾತ್ರ ಗೊತ್ತಿಲ್ಲ. ಹುಚ್ಚು ಹಿಡಿದೀತೆಂಬ ಭಯ. ನೆನಪು ಕೈಕೊಡುತ್ತಿತ್ತು. ತಾನೇ ಬರೆದ ಕಥೆಯ ಪಾತ್ರಗಳು ಮರೆತು ಮತ್ತೆ ಓದಿಕೊಳ್ಳಬೇಕಾಗುತ್ತಿತ್ತು. ಬೀದಿಯಲ್ಲಿ ಪರಿಚಯದವರ ಗುರುತು ಸಿಗುತ್ತಿರಲಿಲ್ಲ. ಜನ ಅದನ್ನು ಜಂಬ ಎಂದುಕೊಂಡರು. ಮೂರ್ಛೆ ಬಂದ ದಿನ, ಅದರ ತೀವ್ರತೆ, ನಂತರದ ಸ್ಥಿತಿ ಇವನ್ನು ಆತ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ.

ಇನ್ನೊಂದು ಅನುಭವವೂ ಇತ್ತು. ಕೆಲವೊಮ್ಮೆ ಮೂರ್ಛೆಗೆ ಕೆಲವೇ ಕ್ಷಣ ಮೊದಲು, ಜಗತ್ತೆಲ್ಲ ಸರಿಯಾಗಿದೆ ಎನಿಸುವಂಥ ಹೇಳಲಾರದ ಆನಂದ ಬರುತ್ತಿತ್ತು. ಮರುಕ್ಷಣ ಕತ್ತಲೆ. 1868–69ರಲ್ಲಿ ಪ್ರಕಟವಾದ 'ಇಡಿಯಟ್' ಕಾದಂಬರಿಯ ನಾಯಕ ಮಿಶ್ಕಿನ್‌ಗೆ ಆತ ಈ ಅನುಭವವನ್ನೇ ಕೊಟ್ಟ. ಮಿಶ್ಕಿನ್ ಮೂರ್ಛೆರೋಗಿ. ಕಥೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಮನುಷ್ಯನೂ ಅವನೇ.

ದೊಡ್ಡ ಪೆಟ್ಟು ಬಿದ್ದದ್ದು 1878ರ ಮೇ ತಿಂಗಳಲ್ಲಿ. ಇನ್ನೂ ಮೂರು ತುಂಬದ ಕಿರಿಯ ಮಗ ಅಲ್ಯೋಷಾ ಗಂಟೆಗಟ್ಟಲೆ ನಿಲ್ಲದ ಸೆಳೆತದಿಂದ ತೀರಿಕೊಂಡ. ತನ್ನ ರೋಗವೇ ಮಗುವಿಗೆ ಬಂತು ಎಂಬ ಕೊರಗು ತಂದೆಯನ್ನು ಹಿಂಡಿತು. ಅನ್ನಾ ತನ್ನ ದುಃಖ ಬದಿಗಿಟ್ಟು ಆತನನ್ನು ಆಪ್ಟಿನಾ ಮಠಕ್ಕೆ ಕಳಿಸಲು ಏರ್ಪಾಟು ಮಾಡಿದಳು. ಅಲ್ಲಿ ಅಂಬ್ರೋಸ್ ಎಂಬ ಹಿರಿಯ ಸನ್ಯಾಸಿಯ ಮಾತು ಕೇಳಿ ಸ್ವಲ್ಪ ನೆಮ್ಮದಿ ಪಡೆದು ಬಂದ. ಕೊನೆಯ ಕಾದಂಬರಿ 'ಕರಮಜೋವ್ ಸಹೋದರರು' ಕೃತಿಯಲ್ಲಿ ಮಗು ಕಳೆದುಕೊಂಡ ತಾಯಿಯೊಬ್ಬಳು ಸನ್ಯಾಸಿಯ ಮುಂದೆ ಅಳುವ ಭಾಗವಿದೆ. ಕಾದಂಬರಿಯ ನಾಯಕನಿಗೆ ಆತ ಇಟ್ಟ ಹೆಸರು ಅಲ್ಯೋಷಾ.

1881ರ ಫೆಬ್ರವರಿ 9ರಂದು, 59ನೇ ವಯಸ್ಸಿನಲ್ಲಿ ದಾಸ್ತೋವ್‌ಸ್ಕಿ ತೀರಿಕೊಂಡ. ಸಾವಿಗೆ ಕಾರಣ ಶ್ವಾಸಕೋಶದ ರಕ್ತಸ್ರಾವ, ಮೂರ್ಛೆಯಲ್ಲ. ಬರ್ನಾವುಲ್‌ನ ವೈದ್ಯ ಹೇಳಿದ್ದ ಸಾವು 24 ವರ್ಷ ಕಾದರೂ ಬರಲಿಲ್ಲ. ಶವಯಾತ್ರೆಗೆ ಸಾವಿರಾರು ಜನ ಸೇರಿದ್ದರು.

ಆತನ ಕಾಲದಲ್ಲಿ ಈ ಕಾಯಿಲೆಗೆ ನಂಬಬಹುದಾದ ಔಷಧ ಇರಲಿಲ್ಲ. ಇಂದು ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಎಪ್ಪತ್ತರವರೆಗೆ ಜನ ಮೂರ್ಛೆಯಿಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲ ಮೂರ್ಛೆರೋಗವೂ ವಂಶದಿಂದ ಬರುವುದಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಯಾರಿಗಾದರೂ ಮೂರ್ಛೆ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ತುರುಕಬಾರದು. ತಾಗುವ ವಸ್ತುಗಳನ್ನು ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ, ಹತ್ತಿರವೇ ಇರಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ದೇಶದ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾದ ಕಾಯಿಲೆಗಳ ಸಾಲಿನಲ್ಲಿ ಅಪಸ್ಮಾರವೂ ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾನೂನು ಬದಲಾಗಿದೆ. ಮನೆಯೊಳಗಿನ ಗುಟ್ಟು ಮಾತ್ರ ಇನ್ನೂ ಹಾಗೇ ಉಳಿದಿದೆ. ಅನ್ನಾಳಿಗೆ ಔಷಧ ಗೊತ್ತಿರಲಿಲ್ಲ. ವಿಷಯ ಮೊದಲೇ ಗೊತ್ತಿತ್ತು, ಆದ್ದರಿಂದ ಅವಳು ಓಡಲಿಲ್ಲ. ಆಮೇಲಿನ ಹದಿನಾಲ್ಕು ವರ್ಷ ಆತ ಬರೆದ ದೊಡ್ಡ ಕಾದಂಬರಿಗಳಿಗೆಲ್ಲ ಅವಳ ಆಸರೆ ಇತ್ತು.