ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರ ವಿದ್ಯಾದಾಸೋಹ

ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ 1916ನೆಯ ಇಸವಿಯಲ್ಲಿಯೇ ಕಪಿಲಾತೀರದ ಸುತ್ತೂರಿನಲ್ಲಿ ಜನ್ಮವೆತ್ತಿದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1928ರಲ್ಲಿ, ಇನ್ನೂ ಬಾಲಕರಾಗಿರುವಾಗಲೇ, ಶ್ರೀಪೀಠದ ಭಾರವನ್ನು ವಹಿಸಿ, ಮೈಸೂರಿನಲ್ಲಿ ಸಂಸ್ಕೃತಾಧ್ಯಯನವನ್ನು ಮಾಡಿದರು.

ಆ ಕಾಲದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಯ ಹುಡುಗನಿಗೆ ಉನ್ನತ ವ್ಯಾಸಂಗವೆಂದರೆ ಮೈಸೂರೋ ಬೆಂಗಳೂರೋ ಆಗಿದ್ದಿತು. ಓದಿ ನಾಲ್ವರಿಗೆ ಉಪಕಾರಿಯಾಗಬೇಕೆಂಬ ಹಂಬಲವುಳ್ಳವನು, ಕಾಲೇಜಿನ ಪ್ರವೇಶವು ತನಗೆ ದೊರೆತೀತೇ ಎಂದು ತೂಗಿನೋಡುವಾಗ, ಪರೀಕ್ಷೆಯ ಅಂಕಗಳ ಜೊತೆಗೆ ಎರಡು ಹೊತ್ತಿನ ಊಟವನ್ನೂ ಮಲಗುವ ಎಡೆಯನ್ನೂ ಎಣಿಸಬೇಕಾಗಿದ್ದಿತು. ವಾರಾನ್ನವು ಎಲ್ಲ ಕುಲದವರಿಗೂ ಸಿಕ್ಕುವಂತಿರಲಿಲ್ಲ. ಅಂಕವಿದ್ದೂ ಅನ್ನವಿಲ್ಲದೆ ಊರಿಗೆ ಹಿಂದಿರುಗಿದವರು ಅನೇಕರು.

ಈ ಕೊರತೆಯನ್ನರಿತ ಶ್ರೀಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದು, ಜಾತಿಮತಗಳ ಭೇದವೆಣಿಸದೆ ಬಡ ವಿದ್ಯಾರ್ಥಿಗಳಿಗೆ ಆಶ್ರಯವಿತ್ತರು. ಅದು ಮಹಾಯುದ್ಧದ ಕಾಲ, ಧಾನ್ಯವು ದುರ್ಲಭವಾಗಿದ್ದಿತು. ಮಕ್ಕಳ ಪ್ರಸಾದವು ನಿಲ್ಲಬಾರದೆಂದು ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಭಕ್ತರು ಇಂದಿಗೂ ಸ್ಮರಿಸುವರು. ಅನ್ನವಿತ್ತರೆ ಸಾಲದು, ವಿದ್ಯಾಲಯಗಳೂ ಬೇಕೆಂದು 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. 1963ರಲ್ಲಿ ಇಂಜಿನಿಯರಿಂಗ್ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ಅದರಿಂದ ಉದಿಸಿದವು.

1986ರಲ್ಲಿ ಶ್ರೀಗಳವರು ಲಿಂಗೈಕ್ಯರಾದರು. ಅಷ್ಟರಲ್ಲಿ ಮಂಡ್ಯ ಪಟ್ಟಣವೂ 1962ರಿಂದ ತನ್ನದೇ ಆದ ಇಂಜಿನಿಯರಿಂಗ್ ಕಾಲೇಜನ್ನು ಪಡೆದಿದ್ದಿತು. ಹೀಗೆ ಬಾಗಿಲುಗಳು ಹೆಚ್ಚಿದರೂ ಪ್ರವೇಶದ ಚಿಂತೆ ಇಂದಿನ ತರುಣರನ್ನು ಬಿಟ್ಟಿಲ್ಲ. ಪ್ರವೇಶ ಪಡೆದವನು ತನ್ನ ಹಿಂದೆ ಬರುವ ಒಬ್ಬನಿಗಾದರೂ ಅನ್ನವನ್ನೋ ಪುಸ್ತಕವನ್ನೋ ಒದಗಿಸುವುದೇ ಶ್ರೀಗಳವರಿಗೆ ಸಲ್ಲತಕ್ಕ ನಿಜವಾದ ಕಾಣಿಕೆ.