ಡಾಕ್ಟರ್ ಕಮಲಾ ಸೊಹೋನಿಯವರು

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಈ ಸಂಚಿಕೆಯಲ್ಲಿ ವಿದುಷಿಯೊಬ್ಬರ ಜೀವನವೃತ್ತಾಂತವನ್ನು ಅರಿಕೆ ಮಾಡಬಯಸುತ್ತೇವೆ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ರಾಗಿಯ ಹೊಲದೊಳಗೆ ಅವರೆ ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದನ್ನು ನಾವೆಲ್ಲರೂ ಬಲ್ಲೆವು. ಇಂತಹ ಬೇಳೆಕಾಳುಗಳ ಸತ್ತ್ವವನ್ನೂ, ಆಹಾರವು ಜೀವಿಗಳಲ್ಲಿ ಶಕ್ತಿಯಾಗಿ ಮಾರ್ಪಡುವ ಬಗೆಯನ್ನೂ ಶೋಧಿಸಿದವರು ಡಾಕ್ಟರ್ ಕಮಲಾ ಸೊಹೋನಿಯವರು.

ಇವರು 1911ರಲ್ಲಿ ಇಂದೂರಿನಲ್ಲಿ ಭಾಗವತ್ ಮನೆತನದಲ್ಲಿ ಜನಿಸಿದರು. ತಂದೆಯೂ ತಂದೆಯ ಸೋದರರೂ ಬೆಂಗಳೂರಿನ ಟಾಟಾ ವಿಜ್ಞಾನಮಂದಿರದಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಕಮಲಾ ಅವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ ಪಡೆದು ಅದೇ ವಿಜ್ಞಾನಮಂದಿರಕ್ಕೆ ಅರ್ಜಿ ಸಲ್ಲಿಸಿದರು. ಆಗ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದಲೇ ಪ್ರವೇಶವನ್ನು ನಿರಾಕರಿಸಿದರು. ಈಕೆಯು ಪಟ್ಟು ಬಿಡಲಿಲ್ಲ. ಕಡೆಗೆ, ಮೊದಲ ವರ್ಷವನ್ನು ಪರೀಕ್ಷಾರ್ಥವೆಂದು ಎಣಿಸುವ ಕರಾರಿನ ಮೇಲೆ ಪ್ರವೇಶವು ದೊರೆಯಿತು. ಆ ಕರಾರಿನ ಅವಮಾನವನ್ನು ಅವರು ಕಡೆಯವರೆಗೂ ಮರೆಯಲಿಲ್ಲ. ವರ್ಷವು ಮುಗಿದಾಗ ಅವರ ಶ್ರದ್ಧೆಯನ್ನು ಕಂಡು ರಾಮನ್ನರು ಸಂತುಷ್ಟರಾದರು. ಆ ಬಳಿಕ ಇತರ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು.

ಬೆಂಗಳೂರಿನಲ್ಲಿ ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಹಾಲು ಮತ್ತು ಬೇಳೆಕಾಳುಗಳ ಸಸಾರಜನಕಗಳನ್ನು ಅಭ್ಯಸಿಸಿದರು. ಬೇಳೆಗೆ ಈ ಸತ್ತ್ವವು ಬರುವ ಬಗೆಯು ವಿಚಾರಾರ್ಹವಾದುದು. ಅವರೆಯ ಗಿಡವನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುವುವು. ಅವುಗಳೊಳಗೆ ವಾಸಿಸುವ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡವು ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಅವಕ್ಕೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆಯು ಅಗ್ಗವಾದುದಲ್ಲ. ಸಾರಜನಕದ ಒಂದು ಅಣುವನ್ನು ಪರಿವರ್ತಿಸಲು, ಜೀವಕೋಶದಲ್ಲಿ ಶಕ್ತಿಯ ನಾಣ್ಯದಂತಿರುವ ಎ.ಟಿ.ಪಿ.ಯ 16 ಅಣುಗಳಾದರೂ ವೆಚ್ಚವಾಗುತ್ತವೆ. ಆದುದರಿಂದ ಗಿಡವು ಲೆಕ್ಕವಿಟ್ಟೇ ಸಹಕರಿಸುತ್ತದೆ. ಕೆಲಸ ಮಾಡದ ಗಂಟುಗಳಿಗೆ ಸೋಯಾ ಗಿಡವು ಆಮ್ಲಜನಕವನ್ನು ಕಡಿಮೆಮಾಡಿ ಶಿಕ್ಷಿಸುವುದನ್ನು ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು.

1936ರಲ್ಲಿ ಎಂ.ಎಸ್ಸಿ. ಪದವಿ ಪಡೆದ ಮೇಲೆ ಕಮಲಾ ಅವರು ಕೇಂಬ್ರಿಜ್ಜಿಗೆ ತೆರಳಿದರು. ಅಲ್ಲಿ ಆಲೂಗೆಡ್ಡೆಯನ್ನು ಪರೀಕ್ಷಿಸುತ್ತಿದ್ದಾಗ, ಸಸ್ಯಗಳ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್-ಸಿ ಎಂಬ ಕಬ್ಬಿಣಯುಕ್ತ ವಸ್ತುವಿರುವುದನ್ನು ಕಂಡುಹಿಡಿದರು. ಉಸಿರಾಟದ ಆಮ್ಲಜನಕವು ಆಹಾರದಿಂದ ಶಕ್ತಿಯನ್ನು ಬಿಡಿಸುವಾಗ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಮುಂದಕ್ಕೆ ಸಾಗಿಸುವ ಸೇವಕನೇ ಇದು. ಸುಮಾರು 40 ಪುಟಗಳ ಚಿಕ್ಕ ಪ್ರಬಂಧಕ್ಕಾಗಿ 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿಯು ದೊರೆಯಿತು.

ಈ ವಸ್ತುವಿರುವ ಸ್ಥಳವು ಜೀವಕೋಶದೊಳಗಿನ ಮೈಟೋಕಾಂಡ್ರಿಯವೆಂಬ ಪುಟ್ಟ ಒಲೆ. ಅದರ ಪೂರ್ವಜವು ಸ್ವತಂತ್ರವಾಗಿ ಬಾಳುತ್ತಿದ್ದ ಅಣುಜೀವಿಯೆಂದು ಲಿನ್ ಮಾರ್ಗುಲಿಸ್ ಎಂಬ ವಿದುಷಿಯು 1967ರಲ್ಲಿ ವಾದಿಸಿದರು. ಇಂದು ವಿಜ್ಞಾನಲೋಕವು ಇದನ್ನು ಅಂಗೀಕರಿಸಿದೆ. ಸುಮಾರು 150ರಿಂದ 200 ಕೋಟಿ ವರ್ಷಗಳ ಹಿಂದೆ ಅದು ಮತ್ತೊಂದು ಜೀವಕೋಶದೊಳಗೆ ನೆಲೆಸಿತು. ಆಮ್ಲಜನಕವಿಲ್ಲದೆ ಹುಳಿಯಿಸಿದಾಗ ಸಕ್ಕರೆಯ ಒಂದು ಅಣುವಿನಿಂದ 2 ಎ.ಟಿ.ಪಿ. ಮಾತ್ರ ಲಭಿಸಿದರೆ, ಈ ಒಲೆಯಿಂದ ಸುಮಾರು 30 ಲಭಿಸುತ್ತವೆ. ಎರಡು ಜೀವಿಗಳು ಒಂದೇ ಸಂಸಾರವಾದುದರಿಂದಲೇ ಗಿಡಮರಗಳೂ ಪ್ರಾಣಿಗಳೂ ನಾವೂ ಉಂಟಾದೆವು.

ಕಮಲಾ ಅವರು ತಾಯ್ನಾಡಿಗೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿಯೂ, ಅನಂತರ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿಯೂ ಸೇವೆ ಸಲ್ಲಿಸಿದರು. ನೀಲಗಿರಿಯ ಆ ಊರಿನಂತೆ ನಮ್ಮ ಕೊಳ್ಳೇಗಾಲವೂ ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದಿತು. 1947ರಲ್ಲಿ ಶ್ರೀ ಸೊಹೋನಿಯವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರಾಧ್ಯಾಪಕರೂ ಮುಂದೆ ನಿರ್ದೇಶಕರೂ ಆದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ನೀರಾ ಪಾನೀಯವನ್ನು ಪರೀಕ್ಷಿಸಿ, ಪುಷ್ಟಿ ಸಾಲದ ಗಿರಿಜನರ ಮಕ್ಕಳಿಗೆ ಅದು ಹಿತಕರವೆಂದು ತೋರಿಸಿದರು. 1998ರಲ್ಲಿ ದಿವಂಗತರಾದರು.

ಸಹಕಾರಕ್ಕೆ ವೆಚ್ಚವುಂಟು, ಆದರೆ ಆ ವೆಚ್ಚದಿಂದ ಒಂಟಿಯಾಗಿ ದೊರೆಯದ ಶಕ್ತಿಯು ದೊರೆಯುವುದೆಂದು ಅವರೆಯ ಬೇರೂ ಆಲೂಗೆಡ್ಡೆಯ ಕೋಶವೂ ತೋರುತ್ತಿವೆ. ಕಮಲಾ ಅವರ ಮನೆಯವರು ಆ ವೆಚ್ಚವನ್ನು ಸಂತೋಷದಿಂದ ವಹಿಸಿದರು. ಹತ್ತನೆಯ ತರಗತಿಯಾದೊಡನೆ ಮಗಳ ಓದು ಸಾಕೆನ್ನುವ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಉಂಟು. ಪೋಷಕರು ಇನ್ನೆರಡು ವರ್ಷ ತಾಳಬೇಕೆಂದೂ, ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ತಲಾ ಒಬ್ಬಳ ಬಸ್ಸಿನ ಖರ್ಚನ್ನೋ ಪುಸ್ತಕದ ಖರ್ಚನ್ನೋ ವಹಿಸಿಕೊಳ್ಳಬೇಕೆಂದೂ ಕೋರುತ್ತೇವೆ.